ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ಬಿಟ್ಟುಹೋದದ್ದು

ಯಲಹಂಕದಿಂದ ಬಾಗಲೂರಿನ ಕಡೆಗೆ ಹೋಗುವಾಗ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್‌ಗಳನ್ನು ನೀವು ನೋಡಿರುತ್ತೀರಿ. 11,000 ವೋಲ್ಟ್‌ನಲ್ಲಿ ಬರುವ ವಿದ್ಯುತ್ತನ್ನು ಅವು ಮನೆ, ಅಂಗಡಿಗಳ ಬಳಕೆಗೆ ತಕ್ಕಂತೆ ಇಳಿಸಿಕೊಡುತ್ತವೆ. ಅವುಗಳೊಳಗೆ ತಿರುಗುವ ಕಾಂತವಿಲ್ಲ, ಚಲಿಸುವ ಸುರುಳಿಯಿಲ್ಲ. ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವೂ ಇಲ್ಲ. ಹಾಗಾದರೆ ಎರಡನೆಯ ಸುರುಳಿಗೆ ವಿದ್ಯುತ್ ಬಂದದ್ದು ಹೇಗೆ?

ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ‘ವಾಹಕವು ಕಾಂತೀಯ ಬಲರೇಖೆಗಳನ್ನು ಕತ್ತರಿಸಿದಾಗ ಅದರಲ್ಲಿ ವಿದ್ಯುತ್ ಪ್ರವಾಹ ಪ್ರೇರಿತವಾಗುತ್ತದೆ’ ಎಂಬ ಬಾಯಿಪಾಠದ ಉತ್ತರ ಬರಬಹುದು. ‘ಇಲ್ಲಿ ಚಲಿಸುವ ವಾಹಕ ಯಾವುದು?’ ಎಂದರೆ ತರಗತಿ ಮೌನವಾಗುತ್ತದೆ. ತಪ್ಪು ವಿದ್ಯಾರ್ಥಿಗಳದಲ್ಲ, ನಾವು ಪಾಠ ಮಾಡುವ ಕ್ರಮದ್ದು.

ಆ ವಾಕ್ಯ ಸುಳ್ಳಲ್ಲ, ಅಪೂರ್ಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಲ್ಲಿ ಕಾವೇರಿಯ ನೀರು ಜನರೇಟರನ್ನು ತಿರುಗಿಸುತ್ತದೆ. ಚಲನೆ ಕಣ್ಣಿಗೆ ಕಾಣುತ್ತದೆ. ಅದನ್ನು ವಿವರಿಸಲು ‘ಕತ್ತರಿಸುವ’ ಮಾತು ಸಾಕು. ಟ್ರಾನ್ಸ್‌ಫಾರ್ಮರ್‌ಗೆ ಬಂದಾಗ ಅದು ಕೈಕೊಡುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಸುರುಳಿಯೊಳಗೆ ಕಾಂತವನ್ನು ತೂರಿಸುವ ಪ್ರಯೋಗದಿಂದ ನಾವು ಪಾಠ ಆರಂಭಿಸುತ್ತೇವೆ. ಮೈಕೇಲ್ ಫ್ಯಾರಡೆ ಅದನ್ನು ಮಾಡಿದ್ದು 1831ರ ಅಕ್ಟೋಬರ್ 17ರಂದು. ಅದಕ್ಕೂ ಮೊದಲು, ಆಗಸ್ಟ್ 29ರಂದು, ಅವರು ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿ ಸುತ್ತಿದ್ದರು. ಒಂದಕ್ಕೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದರ ಬಳಿಯ ಕಾಂತಸೂಚಿ ಅಲುಗಿ, ಮತ್ತೆ ಸ್ವಸ್ಥಾನಕ್ಕೆ ಬಂತು. ಬ್ಯಾಟರಿ ತೆಗೆದಾಗ ಪುನಃ ಅಲುಗಿತು. ಪ್ರವಾಹ ಸ್ಥಿರವಾಗಿ ಹರಿಯುವಾಗ ಸೂಚಿ ನಿಶ್ಚಲ. ಅಂದರೆ ಮುಖ್ಯವಾದದ್ದು ಕಾಂತಕ್ಷೇತ್ರದ ಇರುವಿಕೆಯಲ್ಲ, ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹದ ಬದಲಾವಣೆ. ಕಾಂತವನ್ನು ಚಲಿಸುವುದು ಆ ಬದಲಾವಣೆಗೆ ಒಂದು ದಾರಿ. ಪಕ್ಕದ ಸುರುಳಿಯ ಪ್ರವಾಹವನ್ನು ಬದಲಿಸುವುದು ಇನ್ನೊಂದು. ನಮ್ಮ ಪರ್ಯಾಯ ವಿದ್ಯುತ್ ಸೆಕೆಂಡಿಗೆ 50 ಆವರ್ತ ಪೂರೈಸುವುದರಿಂದ ಟ್ರಾನ್ಸ್‌ಫಾರ್ಮರ್‌ನಲ್ಲಿ ಈ ಬದಲಾವಣೆ ನಿಲ್ಲುವುದೇ ಇಲ್ಲ.

ಇನ್ನೊಂದು ಗೊಂದಲ ‘ಪ್ರೇರಿತ ಪ್ರವಾಹ’ ಎಂಬ ಮಾತಿನದು. ಮೊದಲು ಪ್ರೇರಿತವಾಗುವುದು ವಿದ್ಯುಚ್ಚಾಲಕ ಬಲ. 100 ಸುತ್ತುಗಳ ಸುರುಳಿಯಲ್ಲಿ ಪ್ರತಿ ಸುತ್ತಿನ ಮೂಲಕ ಹಾಯುವ ಅಭಿವಾಹ 0.1 ಸೆಕೆಂಡಿನಲ್ಲಿ 0.002 ವೇಬರ್‌ನಷ್ಟು ಬದಲಾದರೆ ಸರಾಸರಿ 2 ವೋಲ್ಟ್ ಉಂಟಾಗುತ್ತದೆ. ಅದೇ ಬದಲಾವಣೆಗೆ ಪೂರ್ತಿ ಒಂದು ಸೆಕೆಂಡ್ ಹಿಡಿದರೆ 0.2 ವೋಲ್ಟ್ ಮಾತ್ರ. ಮಂಡಲ ಪೂರ್ಣವಾಗಿದ್ದು ಒಟ್ಟು ರೋಧ 4 ಓಮ್ ಇದ್ದರೆ ಆ 2 ವೋಲ್ಟಿಗೆ 0.5 ಆಂಪೇರ್ ಹರಿಯುತ್ತದೆ. ಮಂಡಲ ತೆರೆದಿದ್ದರೆ ವೋಲ್ಟ್ ಇದ್ದೇ ಇರುತ್ತದೆ, ಪ್ರವಾಹ ಹರಿಯದು. ಇದನ್ನು ಬಿಡಿಸಿ ಹೇಳದಿದ್ದರೆ ‘ತುದಿಗಳನ್ನು ಜೋಡಿಸದ ಸುರುಳಿಯಲ್ಲಿ ಪ್ರೇರಣೆಯೇ ಇಲ್ಲ’ ಎಂದು ವಿದ್ಯಾರ್ಥಿ ಭಾವಿಸುತ್ತಾನೆ.

ಶಿಕ್ಷಕರಲ್ಲಿ ಒಂದು ವಿನಂತಿ. ದಪ್ಪ ಕಬ್ಬಿಣದ ಬೋಲ್ಟಿಗೆ ಎನಾಮಲ್ ಲೇಪಿತ ತಂತಿಯ ಎರಡು ಸುರುಳಿಗಳನ್ನು ಸುತ್ತಿ. ಒಂದಕ್ಕೆ ಟಾರ್ಚ್ ಸೆಲ್ ಮತ್ತು ಸ್ವಿಚ್, ಇನ್ನೊಂದಕ್ಕೆ ಗ್ಯಾಲ್ವನೋಮೀಟರ್ ಜೋಡಿಸಿ. ಸ್ವಿಚ್ ಒತ್ತಿದಾಗ, ಒತ್ತಿಯೇ ಹಿಡಿದಾಗ, ಬಿಟ್ಟಾಗ ಮುಳ್ಳು ಏನು ಮಾಡುತ್ತದೆಂದು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ. ನಿಯಮವನ್ನು ಹಲಗೆಯ ಮೇಲೆ ಬರೆಯುವುದು ಅನಂತರ. ಆಗ ಮನೆಗೆ ಮರಳುವ ದಾರಿಯಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್ ಅವರಿಗೆ ಒಗಟಾಗಿ ಉಳಿಯದು.