ರಾಮಬಾಣಕ್ಕೆ ಗುರಿ ಎಲ್ಲಿದೆ?

ನಾಸಿಕ್ ಜಿಲ್ಲೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಘೋಟಿಯ ಅಕ್ಕಿಯನ್ನು ಪರಿಚಯಿಸಬೇಕಾಗಿಲ್ಲ. ಹೋದ ಚಳಿಗಾಲದಲ್ಲಿ ನಾವೂ ಅಕ್ಕಿಗೆಂದೇ ಅಲ್ಲಿಯ ಸಂತೆಗೆ ಹೋಗಿದ್ದೆವು. ಗೋಣಿತಟ್ಟಿನ ಮೇಲೆ ಬೇರು, ತೊಗಟೆ, ಪುಡಿಗಳನ್ನು ಹರಡಿಕೊಂಡು ಒಬ್ಬಾತ ಮರಾಠಿಯಲ್ಲಿ ಕೂಗುತ್ತಿದ್ದ. ಸಕ್ಕರೆ ಕಾಯಿಲೆ, ಮೂಲವ್ಯಾಧಿ, ಕೀಲುನೋವು, ಎಲ್ಲಕ್ಕೂ ಒಂದೇ ‘ರಾಮಬಾಣ ಉಪಾಯ’ವಂತೆ! ಜೊತೆಗಿದ್ದ ನಮ್ಮ ಭಾವನವರು ಒಂದು ಪೊಟ್ಟಣ ಕೊಂಡರು. ಮನೆಗೆ ಬಂದವರೇ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಿಟ್ಟರು. ಮೂರನೆಯ ವಾರ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ದಯೆಯಿಂದ ಈಗ ಚೆನ್ನಾಗಿದ್ದಾರೆ. ಪುಡಿಯಲ್ಲಿ ಏನಿತ್ತೆಂದು ವೈದ್ಯರು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ರಾಮಬಾಣ ಅಂದಿದ್ದ.”

ಪುಡಿ ಏನೇ ಇರಲಿ, ಭಾವನವರು ಮಾತ್ರೆ ಬಿಟ್ಟದ್ದು ಆ ಒಂದು ಮಾತನ್ನು ನಂಬಿ. ಆದ್ದರಿಂದ ಮಾತನ್ನೇ ಸ್ವಲ್ಪ ಪರೀಕ್ಷಿಸೋಣ.

ರಾಮನ ಬಾಣ ತಪ್ಪುವುದಿಲ್ಲ, ನಿಜ. ಆದರೆ ಅದಕ್ಕೊಂದು ಗುರಿಯಿತ್ತು. ಕಂಡಕಂಡವರ ಮೇಲೆಲ್ಲ ಬೀಳುವ ಬಾಣ ಅದಾಗಿರಲಿಲ್ಲ. ಆಯುರ್ವೇದದಲ್ಲಿ ‘ರಾಮಬಾಣ ರಸ’ ಎಂಬ ಔಷಧವೇ ಇದೆ. ಅದನ್ನು ಹೇಳಿರುವುದು ಮುಖ್ಯವಾಗಿ ಅಗ್ನಿಮಾಂದ್ಯ, ಅಜೀರ್ಣದಂಥ ಹೊಟ್ಟೆಯ ತೊಂದರೆಗಳಿಗೆ. ಅದರಲ್ಲಿ ಪಾದರಸ, ಗಂಧಕ, ವತ್ಸನಾಭಿ ಇರುತ್ತವೆ. ಬಿ.ಎಸ್ಸಿ.ಯಲ್ಲಿ ಒಂದಿಷ್ಟು ರಸಾಯನಶಾಸ್ತ್ರ ಓದಿದ ನಮಗೆ ಈ ಹೆಸರುಗಳನ್ನು ಕಂಡರೆ ಭಯವೇ ಆಗುತ್ತದೆ. ಬಲ್ಲ ವೈದ್ಯನ ಅಳತೆಯಿಲ್ಲದೆ ಅವನ್ನು ನಾಲಗೆಗೆ ತಾಗಿಸುವಂತಿಲ್ಲ.

ಇನ್ನು ಸಂಜೀವಿನಿ. ವಾಲ್ಮೀಕಿ ರಾಮಾಯಣದಲ್ಲಿ ಜಾಂಬವಂತ ಹನುಮಂತನಿಗೆ ತರಹೇಳುವುದು ಒಂದು ಮೂಲಿಕೆಯನ್ನಲ್ಲ, ನಾಲ್ಕನ್ನು: ಮೃತಸಂಜೀವನಿ, ವಿಶಲ್ಯಕರಣಿ, ಸಾವರ್ಣ್ಯಕರಣಿ, ಸಂಧಾನಕರಣಿ. ಜೀವ ಬರಿಸುವುದು ಒಂದು, ನೆಟ್ಟ ಬಾಣ ತೆಗೆಯುವುದು ಒಂದು, ಮೈಬಣ್ಣ ಮರಳಿಸುವುದು ಒಂದು, ಮುರಿದದ್ದನ್ನು ಕೂಡಿಸುವುದು ಇನ್ನೊಂದು. ಪುರಾಣದ ಯುದ್ಧಭೂಮಿಯಲ್ಲೂ ಕೆಲಸಕ್ಕೊಂದು ಮದ್ದು! ಪಂಚವಟಿಯ ಪಕ್ಕದಲ್ಲಿ ವಾಸವಾಗಿರುವ ನಾವು ಮಾತ್ರ ನಾಲ್ಕನ್ನೂ ಒಂದೇ ಪೊಟ್ಟಣಕ್ಕೆ ಕಟ್ಟಿಬಿಟ್ಟಿದ್ದೇವೆ.

ನಮ್ಮ ಹಿರಿಯರ ಸಾದಾ ಮಾತುಗಳು ಹೆಚ್ಚು ಎಚ್ಚರದವು. ‘ಮದ್ದು’ ಎಂದರೆ ಔಷಧವೂ ಹೌದು, ತೋಪಿನ ಪುಡಿಯೂ ಹೌದು. ‘ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಕೇಡೇ. ತೆಲುಗಿನ ‘ಮಂದು’ ಔಷಧ, ಸಿಡಿಮದ್ದುಗಳ ಜೊತೆಗೆ ಹೆಂಡವೂ ಆಗುತ್ತದೆ. ಫಾರಸಿಯಲ್ಲಿ ಔಷಧವಾಗಿದ್ದ ‘ದಾರೂ’ ಮರಾಠಿಗೆ ಬಂದು ಹೆಂಡವೂ ಸಿಡಿಮದ್ದೂ ಆಯಿತು. ‘ದವಾದಾರೂ’ ಎನ್ನುವಾಗ ಮಾತ್ರ ಹಳೆಯ ಅರ್ಥ ಉಳಿದಿದೆ. ಗುಣ ಮಾಡುವ ವಸ್ತು ಕೆಡಿಸಲೂ ಬಲ್ಲದೆಂಬ ಅನುಭವ ಈ ಪದಗಳಲ್ಲಿಯೇ ಅಡಗಿದೆ. ‘ಮಾತ್ರೆ’ಯಂತೂ ಹುಟ್ಟಿನಿಂದಲೇ ‘ಅಳತೆ’. ಭಾವನವರು ಬಿಟ್ಟದ್ದು ಅಳತೆಯನ್ನು, ಹಿಡಿದದ್ದು ಬಿರುದನ್ನು.

ಅಮೃತದ ಹನಿ ಬಿದ್ದ ನಾಲ್ಕು ಕ್ಷೇತ್ರಗಳಲ್ಲಿ ನಾಸಿಕ್ ಒಂದು ಎಂಬ ನಂಬಿಕೆಯಿಂದ ಇಲ್ಲಿ ಸಿಂಹಸ್ಥ ಕುಂಭಮೇಳ ನಡೆಯುತ್ತದೆ. ಆ ಹೆಸರು ಹೊತ್ತ ಅಮೃತಬಳ್ಳಿ, ಮರಾಠಿಯ ಗುಳವೇಲ್, ಕೋವಿಡ್ ಕಾಲದಲ್ಲಿ ಮನೆಮನೆಯ ಕಷಾಯವಾಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಗೆ ಯಕೃತ್ತಿನ ತೊಂದರೆಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಸೇವಿಸಿದ್ದು ಅದೇ ಬಳ್ಳಿಯೇ, ಅದನ್ನು ಹೋಲುವ ಬೇರೆಯೇ ಎಂಬುದು ಖಚಿತವಾಗಿಲ್ಲವೆಂದಿತು. ಇಬ್ಬರ ಮಾತಿನಿಂದಲೂ ನಮಗೆ ಪಾಠವೊಂದೇ: ಯಾವ ಬಳ್ಳಿ, ಎಷ್ಟು, ಎಷ್ಟು ದಿನ, ಯಾರಿಗೆ ಎಂಬುದನ್ನು ‘ಅಮೃತ’ ಎಂಬ ಹೆಸರು ಹೇಳುವುದಿಲ್ಲ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮ್ಮದೇ ತಾನೆ?

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ತಡೆಯುವ ಕಾಯ್ದೆ 1954ರಲ್ಲೇ ಬಂದಿದೆ. ಗುಣಪಡಿಸುವೆವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಬಾಯಲ್ಲಿ ಸಾರುವುದೂ ಆ ಕಾಯ್ದೆಯಂತೆ ಜಾಹೀರಾತೇ. ಕಡತ ನೋಡಿ ನೋಡಿ ಕಣ್ಣು ಮಂಜಾದ ನಾವು ಬಲ್ಲೆವು, ಕಾಯ್ದೆ ಪ್ರತಿ ಸಂತೆಗೂ ನಡೆದು ಬರಲಾರದು.

ಸಂತೆಯವನನ್ನಷ್ಟೇ ದೂರಿ ಫಲವಿಲ್ಲ. ನಿರುದ್ಯೋಗಕ್ಕೆ ರಾಮಬಾಣ, ಬರಕ್ಕೆ ರಾಮಬಾಣ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಮಕ್ಕಳು ಕನ್ನಡ ಮರೆಯುತ್ತಿರುವುದಕ್ಕೆ ವಾರಕ್ಕೊಂದು ತರಗತಿಯೇ ಸಂಜೀವಿನಿ ಎಂದು ಸಂಘದ ವೇದಿಕೆಯಲ್ಲಿ ನಾವೇ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಮನೆಯಲ್ಲಿ ಮಕ್ಕಳೊಡನೆ ಕನ್ನಡ ಆಡುವ ನಿತ್ಯದ ಪಥ್ಯವನ್ನು ಹೇಳಲಿಲ್ಲ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲವಲ್ಲ! ವೇದಿಕೆಯ ಮೇಲೆ ಸಲೀಸಾಗಿ ನಡೆಯುವ ಮಾತನ್ನು ಸಂತೆಯಲ್ಲಿ ಸುಳ್ಳೆಂದು ಗುರುತಿಸುವುದು ಸುಲಭವಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದು ಮೂಗು ಮುರಿಯುವುದು ನಮ್ಮ ಉದ್ದೇಶವಲ್ಲ. ಶುಂಠಿ, ಮೆಣಸು, ಜೀರಿಗೆ ನಮ್ಮ ಅಡುಗೆಮನೆಯಲ್ಲೂ ಇವೆ. ಆದರೆ ನೆಗಡಿಗೆ ಕಷಾಯ ಕೊಡುವ ಅಜ್ಜಿ ಅದು ನೆಗಡಿಗೆ ಎಂದೇ ಹೇಳಿ ಕೊಡುತ್ತಾಳೆ, ಬಿಸಿಯಿರುವಾಗಲೇ ಕುಡಿ ಎನ್ನುತ್ತಾಳೆ, ಮೂರು ದಿನಕ್ಕೆ ಇಳಿಯದಿದ್ದರೆ ಡಾಕ್ಟರಲ್ಲಿಗೆ ಹೋಗು ಎಂದೂ ಎನ್ನುತ್ತಾಳೆ. ರೋಗದ ಹೆಸರು, ಅಳತೆ, ಅವಧಿ ಮೂರೂ ಅವಳ ಮಾತಿನಲ್ಲಿವೆ. ಇನ್ನು ಮುಂದೆ ಯಾರಾದರೂ ರಾಮಬಾಣವೆಂದರೆ ಈ ಮೂರನ್ನೂ ಕೇಳಿ ನೋಡೋಣ. ಉತ್ತರ ಬಾರದಿದ್ದರೆ ಅಕ್ಕಿ ಕೊಂಡು ಮನೆಗೆ ಬರೋಣ.