ಏಕಾಂತವೂ ಒಂಟಿತನವೂ

2020ರ ಮಾರ್ಚ್ 25ರಿಂದ ನಾಡಿನಲ್ಲೆಲ್ಲ ಜಾರಿಗೆ ಬಂದ ಕೊರೋನಾ ನಿರ್ಬಂಧಗಳ ಕಾಲದಲ್ಲಿ ಹುಟ್ಟಿದ ಕನ್ನಡ ಪ್ರಬಂಧ ಕವಿತೆಗಳಲ್ಲಿ ‘ಏಕಾಂತ’ವೆಂಬ ಶಬ್ದವು ಮೇಲಿಂದಮೇಲೆ ಬರುತ್ತದೆ. ಮನೆಯೊಳಗೆ ತಡೆಯಲ್ಪಟ್ಟವನ ಸ್ಥಿತಿಯನ್ನು ಆತ್ಮಶೋಧನೆಯ ಅವಕಾಶವೆಂದು ಬಣ್ಣಿಸುವುದು ಅವುಗಳಲ್ಲಿ ಹಲವಕ್ಕೆ ರೂಢಿಯಾಗಿತ್ತು. ವೃದ್ಧರ ಮಟ್ಟಿಗೆ ಈ ಪ್ರಯೋಗವು ಯುಕ್ತವೆ ಎಂಬುದು ವಿಚಾರಾರ್ಹವಾಗಿದೆ.

ಏಕಾಂತವು ಹಿರಿದಾದ ಪರಂಪರೆಯುಳ್ಳ ಮಾತು. ಶಿವನನ್ನು ಏಕಾಂತದಲ್ಲಿ ಆರಾಧಿಸಿದುದರಿಂದ ಆಳಂದೆಯ ರಾಮಯ್ಯನಿಗೆ ಏಕಾಂತದ ರಾಮಯ್ಯನೆಂಬ ಹೆಸರಾಯಿತೆಂದು ಅಬ್ಬಲೂರಿನ ಶಾಸನದಿಂದ ತಿಳಿಯುತ್ತದೆ. ಅದು ಸಾಧಕನು ತಾನಾಗಿ ಆರಿಸಿಕೊಂಡದ್ದು. ಬೇಕೆಂದಾಗ ಕದ ತೆರೆದು ಜನದೊಳಗೆ ಬರಬಲ್ಲವನ ಐಶ್ವರ್ಯ. 2020ರ ಮೇ ತಿಂಗಳ ಕೇಂದ್ರಸರಕಾರದ ಆಜ್ಞೆಯಾದರೋ, 65 ವರ್ಷ ದಾಟಿದವರು ಅವಶ್ಯಕ ಕಾರ್ಯಕ್ಕೂ ಚಿಕಿತ್ಸೆಗೂ ಹೊರತು ಮನೆಯಲ್ಲಿಯೇ ಇರತಕ್ಕದ್ದೆಂದು ವಿಧಿಸಿತು. ಅದರ ಉದ್ದೇಶವು ಪ್ರಾಣರಕ್ಷಣೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ವಿಧಿಸಲ್ಪಟ್ಟುದನ್ನು ತಪಸ್ಸೆಂದು ಕರೆಯುವುದು ಶಬ್ದಕ್ಕೂ ಅನುಭವಕ್ಕೂ ಅನ್ಯಾಯವೇ ಸರಿ.

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಆಡುಮಾತು ಇಲ್ಲಿ ಹೆಚ್ಚು ನಿಖರವಾಗಿದೆ. ಬೇನೆಬಿದ್ದವರನ್ನೂ ಸಾವಾದ ಮನೆಯವರನ್ನೂ ಕಾಣಹೋಗುವುದಕ್ಕೆ ಆ ಸೀಮೆಯಲ್ಲಿ ‘ಮಾತಾಡಿಸಿ ಬರುವುದು’ ಎನ್ನುತ್ತಾರೆ. ರೂಪದಿಂದ ಇದು ಪ್ರೇರಣಾರ್ಥಕ. ಹೋದವನು ಏನು ನುಡಿದನೆಂಬುದು ಮುಖ್ಯವಲ್ಲ. ಕುಳಿತವರಿಂದ ಮಾತು ಹೊರಡಿಸಿದನೆಂಬುದೇ ಮುಖ್ಯ. ‘ನನ್ನ ಯಾರೂ ಮಾತಾಡಸೂದಿಲ್ಲ’ ಎಂಬ ಮುದುಕಿಯ ದೂರು ಮನೆಯಲ್ಲಿ ಜನವಿಲ್ಲವೆಂಬುದಲ್ಲ. ಗೋವಾ, ಮಂಗಳೂರುಗಳಿಗೆ ದುಡಿಯಹೋಗಿದ್ದ ಮಕ್ಕಳು ಆ ಬೇಸಗೆಯಲ್ಲಿ ಮರಳಿ ಬಂದು ಮನೆ ತುಂಬಿದರೂ, ರೋಗಭಯದಿಂದ ಹಿರಿಯರಿಗೆ ಮೂಲೆಯೇ ಗತಿಯಾದಲ್ಲಿ ಈ ದೂರು ಸಲ್ಲುತ್ತದೆ. ಜೂನ್ 8ರವರೆಗೆ ಗುಡಿಗಳು ಮುಚ್ಚಿದ್ದುವು. ಕಟ್ಟೆಯ ಕೂಟವೂ ಭಜನೆಯೂ ನಿಂತುವು. ‘ಒಂಟಿತನ’ವೆಂಬ ಪದವು ಕೂಡ ಇದನ್ನು ಪೂರ್ತಿಯಾಗಿ ಹಿಡಿಯದು.

ಹಿಂದಿನ ಪ್ಲೇಗಿನ ಸಾಹಿತ್ಯವು ಇದಕ್ಕೆ ಮಾದರಿಯಾಗಲಾರದೆ ಎಂದು ಕೇಳಬಹುದು. ಈ ತಾಲೂಕುಗಳನ್ನೊಳಗೊಂಡಿದ್ದ ಹಳೆಯ ಧಾರವಾಡ ಜಿಲ್ಲೆಯನ್ನು ಪ್ಲೇಗು 1898ರಲ್ಲಿ ಕಾಡಿತು. ಆದರೆ ಪ್ಲೇಗಿನಲ್ಲಿ ಊರು ಬಿಡುವುದು ಉಪಾಯ. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಕಾಣುವಂತೆ ಜನವು ಊರಹೊರಗಣ ಗುಡಿಸಲುಗಳಿಗೆ ಸಾಗುತ್ತದೆ, ಮುದುಕರೂ ಮಕ್ಕಳೊಡನೆಯೇ ನಡೆಯುತ್ತಾರೆ. ಅಲ್ಲಿ ಮನೆಯು ಬರಿದಾಯಿತು, ಬಳಗವು ಉಳಿಯಿತು. 2020ರಲ್ಲಿ ಮನೆಯು ಉಳಿದು ಬಳಗದ ದಾರಿ ಕಟ್ಟಿತು. ಭಯವೊಂದೇ ಎಂದ ಮಾತ್ರಕ್ಕೆ ಆ ಕಾದಂಬರಿಗಳ ಚಿತ್ರಗಳನ್ನು ಈ ಕಾಲಕ್ಕೆ ಎತ್ತಿತರುವ ವಿಮರ್ಶಕರು ಈ ಭೇದವನ್ನು ಗಮನಿಸತಕ್ಕದ್ದು.

ಹಾಗಿದ್ದೂ ಒಂದು ಪಾತ್ರವು ಹತ್ತಿರ ಬರುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಲಕ್ಷ್ಮೀದೇವಮ್ಮನು ಪ್ಲೇಗು ಬರುವ ಮೊದಲೇ ಒಂಟಿಯಾದವಳು. ಮಕ್ಕಳಿಲ್ಲದ ಮುದಿ ವಿಧವೆ. ಅಗ್ರಹಾರಕ್ಕೆ ಅರೆಮರುಳಿಯೆಂಬ ನಗೆ. ಬೀದಿಯಲ್ಲಿ ಶಪಿಸುತ್ತ ನಡೆಯುವ ಆಕೆಯನ್ನು ಅಗ್ರಹಾರದ ಕೊಳೆತಕ್ಕೆ ಗುರುತೆಂದು ಮಾತ್ರ ಓದಿದರೆ ಸಾಲದು. ಶಾಪಕ್ಕೆ ಗುರಿಯಾದವನು ಒಂದು ಮರುಮಾತನ್ನಾದರೂ ಆಡಬೇಕಲ್ಲವೆ? ಆ ಬೀದಿಯಲ್ಲಿ ಆಕೆಯನ್ನು ಮಾತಾಡಿಸಿದವರು ಯಾರೆಂಬ ಪ್ರಶ್ನೆಯೊಡನೆ ಆ ಪುಟಗಳನ್ನು ಮತ್ತೊಮ್ಮೆ ತೆರೆಯಬೇಕಾಗಿದೆ.