ರೇಡಿಯಲ್ ಎಂಜಿನ್ ನೋಡುವ ಬಗೆ

ಹಳೆಯ ಡಕೋಟ ವಿಮಾನ ಎದುರಾದರೆ ಕಣ್ಣು ಮೊದಲು ರೆಕ್ಕೆಯತ್ತ ಹೋಗುತ್ತದೆ. ಹೊಸ ರಸಿಕರಿಗೆ ನನ್ನ ಸಲಹೆ: ಪ್ರೊಪೆಲ್ಲರಿನ ಹಿಂದಿರುವ ದುಂಡನೆಯ ಬಾಯೊಳಗೆ ಇಣುಕಿ. ಅಲ್ಲಿರುವುದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್, ಆರ್-1830. ‘ಆರ್’ ರೇಡಿಯಲ್ಲನ್ನು, ಅಂದರೆ ಸಿಲಿಂಡರುಗಳು ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡಿರುವುದನ್ನು, ಸೂಚಿಸುತ್ತದೆ. 1830 ಅದರ ಗಾತ್ರ, ಘನ ಅಂಗುಲಗಳಲ್ಲಿ. ಸುಮಾರು 30 ಲೀಟರು.

ಸಿಲಿಂಡರುಗಳನ್ನು ಎಣಿಸಿ. ಮುಂದಿನ ಸಾಲಿನಲ್ಲಿ ಏಳು. ಅವುಗಳ ಸಂದಿಯಲ್ಲಿ ಹಿಂದಿನ ಏಳು ಕಾಣುತ್ತವೆ. ಇದನ್ನು ತಂಪಾಗಿಡಲು ನೀರಿಲ್ಲ, ಎದುರುಗಾಳಿಯೇ ಗತಿ. ಹಾಗಾಗಿ ಹಿಂದಿನವಕ್ಕೂ ಗಾಳಿ ಸಿಗುವಂತೆ ಈ ಜೋಡಣೆ. ಸಿಲಿಂಡರಿನ ಮೈಯೆಲ್ಲ ತೆಳು ಲೋಹದ ಪದರಗಳು, ನಡುವೆ ಬಾಗಿದ ತಗಡು. ಗಾಳಿಯನ್ನು ಸಿಲಿಂಡರಿನ ಬೆನ್ನಿಗೂ ತಿರುಗಿಸುವುದು ಆ ತಗಡಿನ ಕೆಲಸ.

ಒಂದು ಸಾಲಿಗೆ ಏಳೇ ಏಕೆ, ಎಂಟೇಕಲ್ಲ? ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಸಂಖ್ಯೆ ಬೆಸವಾದರೆ ಒಂದು ಬಿಟ್ಟು ಒಂದರಂತೆ, 1-3-5-7-2-4-6 ಎಂದು ಉರಿದು, ಎರಡು ಸುತ್ತಿನಲ್ಲಿ ಎಲ್ಲವೂ ಸಮ ಅಂತರದಲ್ಲಿ ಮುಗಿಯುತ್ತವೆ. ಸಮಸಂಖ್ಯೆಯಲ್ಲಿ ಈ ಲಯ ಕೂಡುವುದಿಲ್ಲ. ಒಳಗೆ ಇನ್ನೂ ಸೊಗಸಿದೆ: ಪ್ರತಿ ಸಾಲಿನಲ್ಲೂ ಕ್ರ್ಯಾಂಕಿನ ಒಂದೇ ಪಿನ್ನನ್ನು ಹಿಡಿದಿರುವುದು ಒಂದು ಮಾಸ್ಟರ್ ರಾಡ್, ಉಳಿದ ಆರು ರಾಡುಗಳು ಅದರ ಬುಡಕ್ಕೆ ಕೀಲಿಸಿಕೊಂಡಿವೆ. ಏಳು ಪಿಸ್ಟನ್ನುಗಳ ಬಲವೆಲ್ಲ ಅಲ್ಲಿ ಸೇರುತ್ತದೆ. ಈ ಎಂಜಿನ್ನಿನ ಜೀವ ಇರುವುದು ಅಲ್ಲೇ ಎನ್ನುತ್ತೇನೆ.

ಚಾಲೂ ಮಾಡುವ ಮುನ್ನ ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದನ್ನು ಗಮನಿಸಿ. ನಿಂತ ಎಂಜಿನ್ನಿನ ಕೆಳಗಿನ ಸಿಲಿಂಡರುಗಳಿಗೆ ಆಯಿಲ್ ಇಳಿದಿರುತ್ತದೆ. ದ್ರವ ಕುಗ್ಗುವುದಿಲ್ಲ, ನೋಡದೆ ಸ್ಟಾರ್ಟ್ ಮಾಡಿದರೆ ರಾಡು ಬಾಗೀತು. ಆಮೇಲೆ ಏಳುವ ದಟ್ಟ ಹೊಗೆ ಉಳಿದ ಆಯಿಲ್ಲಿನದು.

ಬಗೆಗಳನ್ನು ಗುರುತಿಸಲು ಕಿವಿಯೂ ಬೇಕು. 1925ರ ಮೂಲ ವಾಸ್ಪ್‌ಗೆ ಒಂದೇ ಸಾಲು, ಒಂಬತ್ತು ಸಿಲಿಂಡರು. ನಮ್ಮ ವಾಯುಪಡೆಯ ತರಬೇತಿಯಲ್ಲಿದ್ದ ಹಾರ್ವರ್ಡ್‌ನಲ್ಲಿ ಇದ್ದದ್ದು ಅದೇ. ಅಲ್ಲಿ ನಡುವೆ ಗೇರ್ ಇಲ್ಲದೆ ಪ್ರೊಪೆಲ್ಲರು ಎಂಜಿನ್ನಿನ ವೇಗಕ್ಕೇ ತಿರುಗುವುದರಿಂದ ಅದರ ತುದಿ ಕರ್ಕಶವಾಗಿ ಕೂಗುತ್ತದೆ. ಟ್ವಿನ್ ವಾಸ್ಪ್‌ನಲ್ಲಿ ಗೇರ್ ಆ ವೇಗವನ್ನು ತಗ್ಗಿಸುತ್ತದೆ; ದನಿ ಗಂಭೀರ. ಅದರಲ್ಲೇ 92 ಎಂಬ ಮಾದರಿಯಲ್ಲಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರಿಗೆ ಒಂದೇ ವೇಗ. ಹಿಮಾಲಯ ದಾಟಬೇಕಿದ್ದ ಡಕೋಟಗಳಿಗೆ ಎರಡು ವೇಗದ 90ಸಿ ಬಂತು. ಮುಂದೆ 18 ಸಿಲಿಂಡರಿನ ಡಬಲ್ ವಾಸ್ಪ್, 28ರ ವಾಸ್ಪ್ ಮೇಜರ್ ಬಂದವು. ಬಲ ಹೆಚ್ಚಿತು, ನೋಟದ ಸರಳತೆ ಹೋಯಿತು.

ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ದುರಸ್ತಿಯಾದ ಡಕೋಟ, ಕ್ಯಾಟಲೀನಾಗಳೆರಡಕ್ಕೂ ಟ್ವಿನ್ ವಾಸ್ಪೇ ಎಂಜಿನ್. ಹಳೆಯ ವಿಮಾನಗಳನ್ನು ಕಾಪಾಡುತ್ತಿರುವವರಲ್ಲಿ ಒಂದು ಕೋರಿಕೆ: ಒಂದು ಬದಿಯ ಎಂಜಿನ್ನಿನ ಹೊದಿಕೆಯನ್ನಾದರೂ ತೆಗೆದಿಡಿ, ಮಕ್ಕಳು ಒಳಗಿನದನ್ನು ಎಣಿಸಿ ನೋಡಲಿ.